ಒಂದೇ ಬೋಲ್ಟ್ ಆಕ್ಷನ್ ರೈಫಲ್ (ಪ್ರತಿ ಗುಂಡಿಗೂ ಕೈಯಿಂದ ಹಿಡಿ ಎಳೆದು ತಳ್ಳುವ ಬಂದೂಕು), ಒಂದೇ ಗುರಿ. ಆದರೂ ಗುಂಡುಗಳು ಚದುರಿ ಬೀಳೋದು ಯಾಕೆ? ಮೈಸೂರಿನಲ್ಲಿ ಕಲಿಯುತ್ತಿದ್ದೇನೆ, ಕೊಳ್ಳುವಾಗ ಏನು ನೋಡಬೇಕು?

ಮೊದಲು ನಳಿಗೆ ಮತ್ತು ಗುಂಡು ನೋಡಿ. ಬ್ರ್ಯಾಂಡು, ಬೆಲೆ ಎಲ್ಲ ಆಮೇಲೆ.

ಗುಂಡು ಹಾರುವಾಗ ನಳಿಗೆ ವೀಣೆಯ ತಂತಿಯ ಹಾಗೆ ಅದುರುತ್ತದೆ. ಪ್ರತಿ ಸಲ ಒಂದೇ ರೀತಿ ಅದುರಿದರೆ ಗುಂಡುಗಳು ಒತ್ತೊತ್ತಾಗಿ ಬೀಳುತ್ತವೆ. ನಳಿಗೆಗೆ ಅದರ ಕೆಳಗಿರುವ ರೈಫಲ್‌ನ ಮರದ ಭಾಗ ಎಲ್ಲಾದರೂ ತಾಗಿದರೆ ಆ ಅದುರುವ ರೀತಿಯೇ ಕೆಡುತ್ತದೆ. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಅಲ್ವಾ? ಬೇಸಿಗೆಯಲ್ಲಿ ಹೊಂದಿಸಿದ ಗುರಿ ಆಗ ಸರಿಯಬಹುದು. ಅದಕ್ಕೇ ಬಹುತೇಕ ಟಾರ್ಗೆಟ್ ರೈಫಲ್‌ಗಳಲ್ಲಿ ನಳಿಗೆಗೂ ಮರಕ್ಕೂ ಸಣ್ಣ ಸಂದು ಬಿಟ್ಟಿರುತ್ತಾರೆ. ಒಂದು ಹಾಳೆ ತೂರಿಸಿ ನೋಡಿ, ಸಲೀಸಾಗಿ ಜಾರಬೇಕು.

ಗುಂಡಿನ ವಿಷಯವೂ ಸಣ್ಣದಲ್ಲ. ಒಂದೇ ಕಂಪನಿಯ ಗುಂಡಾದರೂ ತಯಾರಾದ ಕಂತು ಬದಲಾದರೆ ವೇಗ ಸ್ವಲ್ಪ ಬದಲಾಗುತ್ತದೆ. 50 ಮೀಟರ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತ ಬರೀ 10.4 ಮಿಲಿಮೀಟರ್ ಅಗಲ. ಅಲ್ಲಿ ಆ ‘ಸ್ವಲ್ಪ’ವೇ ಜಾಸ್ತಿ. ನಾಲ್ಕೈದು ಬಗೆಯ ಗುಂಡು ಹಾರಿಸಿ, ನಿಮ್ಮ ನಳಿಗೆಗೆ ಒಗ್ಗುವುದನ್ನು ಆರಿಸಿಕೊಳ್ಳಿ.

ಟ್ರಿಗರ್ ಎಳೆದಾಗ ಜಗ್ಗದೆ ಸರಕ್ಕನೆ ಬಿಡಬೇಕು. ದುಬಾರಿ ದುರ್ಬೀನಿಗೆ ಸುಮ್ನೆ ಈಗಲೇ ದುಡ್ಡು ಸುರಿಯಬೇಡಿ. ಲೈಸೆನ್ಸ್ ಇಲ್ಲದೆ ಕೊಳ್ಳುವಂತಿಲ್ಲ. ಅದು ಸಿಗುವವರೆಗೂ ಕ್ಲಬ್ಬಿನ ರೈಫಲ್‌ನಲ್ಲೇ ಅಭ್ಯಾಸ ಮಾಡಿ.