ಬೋರ್‌ವೆಲ್ ನೀರಿನಿಂದಲೇ ಅರ್ಜಿ ಶುರು ಮಾಡಿ

ಓದುಗರ ಪತ್ರ:
ಮಾನ್ಯ ಸಂಪಾದಕರೇ, ನಾನು ಯಾದಗಿರಿ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಅಪ್ಪ ರೈತರು. ತಂಗಿ ಸರ್ಕಾರಿ ಕಾಲೇಜಿನಲ್ಲಿ ದ್ವಿತೀಯ ಪಿಯುಸಿ. ರಜೆಯಲ್ಲಿ ಬೆಂಗಳೂರಿನ ಲ್ಯಾಬ್‌ಗಳಲ್ಲಿ ಕೆಲಸ ಕಲಿಸುತ್ತಾರೆ, ದುಡ್ಡೂ ಕೊಡುತ್ತಾರೆ ಎಂದು ಕೇಳಿದೆ. ನಮ್ಮ ಸರ್ ಬಳಿ ವಿಚಾರಿಸಿದರೆ, ‘ಅವೆಲ್ಲ ಐಐಟಿ ಹುಡುಗರಿಗಮ್ಮ’ ಅಂದರು. ವಾಟ್ಸಾಪ್‌ನಲ್ಲಿ ಒಂದು ರಿಸರ್ಚ್ ಇಂಟರ್ನ್‌ಶಿಪ್ ಬಂದಿದೆ, ಮೂರು ಸಾವಿರ ಕಟ್ಟಬೇಕಂತೆ. ಕಟ್ಟಲೇ? ನಾನು ಹೇಳಿಕೊಳ್ಳುವಂಥದ್ದು ಏನೂ ಮಾಡಿಲ್ಲ. ಪ್ರಾಕ್ಟಿಕಲ್‌ನಲ್ಲಿ ಊರಿನ ಬೋರ್‌ವೆಲ್ ನೀರು ತಂದು ಗಡಸುತನ (ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಪ್ರಮಾಣ) ನೋಡಿದೆ, ಲೀಟರಿಗೆ 740 ಮಿಲಿಗ್ರಾಂ ಬಂತು. ಸರ್ ಮತ್ತೆ ಮಾಡು ಅಂದರು, ಮತ್ತೂ ಹೆಚ್ಚುಕಡಿಮೆ ಅಷ್ಟೇ ಬಂತು. ನಮ್ಮಂಥವರಿಗೆ ಇರುವ ಎಲ್ಲ ಸ್ಕಾಲರ್‌ಶಿಪ್‌ಗಳ ಪಟ್ಟಿ ಕೊಡಿ.

ಸಂಪಾದಕರ ಉತ್ತರ:
ಮೊದಲು ಮೂರು ಸಾವಿರದ ವಿಷಯ. ಕಟ್ಟಬೇಡಿ. ನೀವು ಕೇಳಿದ ಬೇಸಿಗೆ ಫೆಲೋಶಿಪ್‌ಗಳಲ್ಲಿ ದುಡ್ಡು ಬರುವುದು ನಿಮ್ಮ ಕೈಗೆ. ಕೆಲಸ ಕಲಿಸುತ್ತೇವೆಂದು ವಿದ್ಯಾರ್ಥಿಯಿಂದಲೇ ಹಣ ಕಟ್ಟಿಸಿಕೊಂಡು ಸರ್ಟಿಫಿಕೇಟ್ ಕಳಿಸುವವರಿಗೂ ಸಂಶೋಧನೆಗೂ ಸಂಬಂಧವಿಲ್ಲ.

ಪಟ್ಟಿ ಕೇಳಿದ್ದೀರಿ. ಎಲ್ಲವನ್ನೂ ಇಲ್ಲಿ ಬರೆದು ಪುಟ ತುಂಬಿಸುವುದಿಲ್ಲ, ಏಕೆಂದರೆ ಅದರಲ್ಲಿ ಅರ್ಧ ನಿಮಗೆ ಬರುವುದಿಲ್ಲ. ಓದಿನ ಖರ್ಚಿಗೆ ಬರುವ ವಿದ್ಯಾರ್ಥಿವೇತನ ಒಂದು ಬಗೆ, ಕೆಲಸ ಕಲಿಯಲು ಕರೆಸಿಕೊಳ್ಳುವ ಫೆಲೋಶಿಪ್ ಇನ್ನೊಂದು ಬಗೆ. ಮೊದಲನೆಯದಕ್ಕೆ ದಾಖಲೆ ಸರಿಯಿರಬೇಕು. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ನಾಡಕಚೇರಿಯಿಂದ ತಂದಿಟ್ಟುಕೊಳ್ಳಿ. ಆಧಾರ್‌ನಲ್ಲಿರುವ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಇರಲಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿ. ಮಂಜೂರಾದ ಹಣವೂ ಈ ಸಣ್ಣ ಕಾರಣಗಳಿಗೇ ಖಾತೆ ಸೇರದೆ ನಿಲ್ಲುತ್ತದೆ. ರಾಜ್ಯ ಸರ್ಕಾರದ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ (ಎಸ್‌ಎಸ್‌ಪಿ) ಮೂಲಕವೇ ಅರ್ಜಿ ಹಾಕಬೇಕು. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಬಿ.ಎಸ್ಸಿ. ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 5,500 ರೂಪಾಯಿ ನಿಗದಿಯಾಗಿತ್ತು. ಅದಕ್ಕಾಗಿ ಅಪ್ಪನ ಜಮೀನು ರೈತರ ನೋಂದಣಿ ಪೋರ್ಟಲ್ ಆದ ಫ್ರೂಟ್ಸ್‌ನಲ್ಲಿ ನೋಂದಣಿ ಆಗಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಕೆಲವು ಬಾಗಿಲು ನಿಮ್ಮ ಪಾಲಿಗೆ ಮುಚ್ಚಿವೆ, ನಿಮ್ಮ ತಂಗಿಗೆ ತೆರೆದಿವೆ. ಇದನ್ನು ಮನೆಯಲ್ಲಿ ಇವತ್ತೇ ಹೇಳಿ. ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದವರಿಗೆ ಕೇಂದ್ರ ಸರ್ಕಾರ ಪದವಿಯ ಮೂರು ವರ್ಷ, ವರ್ಷಕ್ಕೆ 12,000 ರೂಪಾಯಿ ಕೊಡುವ ಯೋಜನೆಯಿದೆ. ಕುಟುಂಬದ ಆದಾಯ ನಾಲ್ಕೂವರೆ ಲಕ್ಷ ಮೀರಿರಬಾರದು, ಪದವಿಯ ಮೊದಲ ವರ್ಷದಲ್ಲೇ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲೇ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಅದಕ್ಕೂ ಪದವಿಗೆ ಸೇರಿದ ಮೊದಲ ವರ್ಷವೇ ಸಮಯ. ಮೂಲವಿಜ್ಞಾನ ಓದುವವರಿಗೆ ವರ್ಷಕ್ಕೆ 80,000 ರೂಪಾಯಿ ಸಿಗುವ ಇನ್‌ಸ್ಪೈರ್ ಎಂಬ ಕೇಂದ್ರದ ವಿದ್ಯಾರ್ಥಿವೇತನವಿದೆ, ಆದರೆ ಅದಕ್ಕೆ ಬೋರ್ಡಿನ ಮೇಲಿನ ಶೇ. 1ರೊಳಗೆ ಬರಬೇಕು. ವಿಜ್ಞಾನದ ವಿದ್ಯಾರ್ಥಿವೇತನಕ್ಕೆ ಕೆವಿಪಿವೈ ಪರೀಕ್ಷೆ ಬರೆಯಿರಿ ಎಂದು ಯಾರಾದರೂ ಸಲಹೆ ಕೊಟ್ಟರೆ ಅದು ಹಳೆಯ ಮಾತು. ಆ ಪರೀಕ್ಷೆಯನ್ನು 2022ರಲ್ಲಿ ನಿಲ್ಲಿಸಿ ಇನ್‌ಸ್ಪೈರ್‌ನೊಳಗೆ ಸೇರಿಸಿದರು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯನ್ನು 1934ರಲ್ಲಿ ಸಿ.ವಿ. ರಾಮನ್ ಸ್ಥಾಪಿಸಿದರು. ಈ ಅಕಾಡೆಮಿ ದೆಹಲಿ ಮತ್ತು ಪ್ರಯಾಗರಾಜ್‌ನ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ಪ್ರತಿ ವರ್ಷ ಬೇಸಿಗೆ ಫೆಲೋಶಿಪ್ ನಡೆಸುತ್ತದೆ. ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಅವರದೇ ಲ್ಯಾಬಿನಲ್ಲಿ ಕೆಲಸ. ಖರ್ಚಿಗೆ ಹಣ, ಹೋಗಿಬರಲು ರೈಲಿನ ದರ. ಬಿ.ಎಸ್ಸಿ. ವಿದ್ಯಾರ್ಥಿಗಳು ಅರ್ಜಿ ಹಾಕಬಹುದು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಇಂಥದ್ದೇ ಫೆಲೋಶಿಪ್ ಕೊಡುತ್ತದೆ. ಬಿ.ಎಸ್ಸಿ. ಓದುವವರನ್ನು ಒಂದಕ್ಕಿಂತ ಹೆಚ್ಚು ಬೇಸಿಗೆ ಕರೆಸಿ ರಸಾಯನಶಾಸ್ತ್ರ, ಜೀವಶಾಸ್ತ್ರ ಕಲಿಸುವ ಕಾರ್ಯಕ್ರಮಗಳೂ ಅಲ್ಲಿವೆ. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ನಿಯಸ್ ಶಿಬಿರ ಪದವಿ ವಿದ್ಯಾರ್ಥಿಗಳಿಗೆಂದೇ ಹುಟ್ಟಿದ್ದು. ಬೇಸಿಗೆಯ ಕೆಲಸಕ್ಕೆ ಅರ್ಜಿ ಹಾಕುವುದು ಚಳಿಗಾಲದಲ್ಲಿ, ಕೆಲವಕ್ಕೆ ಅದಕ್ಕೂ ಮೊದಲೇ. ಏಪ್ರಿಲ್‌ನಲ್ಲಿ ಹುಡುಕಲು ಕೂತವರಿಗೆ ಸಿಗುವುದು ಕಡಿಮೆ. ಅಕ್ಟೋಬರ್‌ನಿಂದಲೇ ಆ ಸಂಸ್ಥೆಗಳ ಪ್ರಕಟಣೆಗಳ ಮೇಲೆ ಕಣ್ಣಿಡಿ.

ಅಂಕ ನೋಡುತ್ತಾರೆ, ನಿಜ. ಅದರ ಜೊತೆ ನೀವೇ ಬರೆದ ಒಂದು ಪುಟ, ನಿಮ್ಮ ಅಧ್ಯಾಪಕರ ಶಿಫಾರಸು ಪತ್ರ, ಇವೂ ನಿಮ್ಮ ಬಗ್ಗೆ ಮಾತಾಡುತ್ತವೆ. ಏನು ಕಲಿಯಬೇಕೆಂದಿದ್ದೀರಿ, ಏಕೆ ಎಂದು ಬರೆಯುವ ಆ ಪುಟದಲ್ಲೇ ನಮ್ಮ ಹಳ್ಳಿಯ ಮಕ್ಕಳು ಸೋಲುತ್ತಾರೆ. ಬಾಲ್ಯದಿಂದಲೇ ವಿಜ್ಞಾನದಲ್ಲಿ ಅಪಾರ ಆಸಕ್ತಿ, ದೇಶಸೇವೆ ಮಾಡುವ ಹಂಬಲ ಎಂದು ಬರೆದು ಕಳಿಸುತ್ತಾರೆ. ಓದಿದವರಿಗೆ ಬರೆದವರ ಮುಖ ಕಾಣುವುದಿಲ್ಲ.

ನಿಮ್ಮ ಬಳಿ ಆ ಪುಟದ ಸಾಮಗ್ರಿ ಆಗಲೇ ಇದೆ. ಹೇಳಿಕೊಳ್ಳುವಂಥದ್ದು ಏನೂ ಇಲ್ಲವೆಂದು ಬರೆದು, ಅದರ ಮುಂದಿನ ಸಾಲಿನಲ್ಲೇ ಹೇಳಿದ್ದೀರಿ! ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ. ನಿಮ್ಮೂರಿನದು 740. ಸರ್ ಹೇಳಿದಂತೆ ಮತ್ತೆ ಮಾಡಿದಿರಿ, ಮತ್ತೂ ಹತ್ತಿರದ ಸಂಖ್ಯೆಯೇ ಬಂತು. ಸಂಶೋಧನೆ ಶುರುವಾಗುವುದು ಹೀಗೆಯೇ.

ಇನ್ನೊಂದಿಷ್ಟು ಮುಂದೆ ಹೋಗಿ. ಕಾಲೇಜಿನ ಲ್ಯಾಬ್ ಸಾಕು. ನೀರನ್ನು ಕುದಿಸಿ, ಸೋಸಿ, ಆವಿಯಾದಷ್ಟು ಭಟ್ಟಿ ಇಳಿಸಿದ ನೀರು ಸೇರಿಸಿ, ಮತ್ತೆ ಟೈಟ್ರೇಷನ್ ಮಾಡಿ. ಎಷ್ಟು ಇಳಿಯಿತೋ ಅದು ತಾತ್ಕಾಲಿಕ ಗಡಸುತನ, ಉಳಿದದ್ದು ಶಾಶ್ವತ. ಪಿಎಚ್ 10ರಲ್ಲಿ ಎರಿಯೋಕ್ರೋಮ್ ಬ್ಲಾಕ್ ಟಿ ಎಂಬ ಬಣ್ಣದ ಸೂಚಕ ಹಾಕಿ ಇಡಿಟಿಎ ದ್ರಾವಣ ಬಿಟ್ಟಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಸೇರಿದ ಲೆಕ್ಕ ಸಿಗುತ್ತದೆ. ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 12ರ ಮೇಲಕ್ಕೆ ಏರಿಸಿ ಮ್ಯೂರೆಕ್ಸೈಡ್ ಸೂಚಕ ಬಳಸಿದರೆ ಕ್ಯಾಲ್ಸಿಯಂ ಒಂದರದೇ ಲೆಕ್ಕ. ಕಳೆದರೆ ಮೆಗ್ನೀಸಿಯಂ. ಅದೇ ಊರಿನ ತೆರೆದ ಬಾವಿಯ ನೀರು, ಕಾಲುವೆ ನೀರು ಸಿಕ್ಕರೆ ಅವನ್ನೂ ನೋಡಿ. ಮಳೆಗಾಲ ಮುಗಿದ ಮೇಲೆ ಒಮ್ಮೆ, ಬೇಸಿಗೆಗೆ ಮುಂಚೆ ಒಮ್ಮೆ ಬೋರ್‌ವೆಲ್ ನೀರನ್ನೇ ಮತ್ತೆ ಅಳೆಯಿರಿ. ಎಲ್ಲಿಂದ, ಯಾವ ದಿನ ನೀರು ತಂದಿರೆಂದು ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಬರೆದಿಡಿ. ಆಮೇಲೆ ಅರ್ಜಿಯ ಆ ಪುಟಕ್ಕೆ ಕೂತರೆ, ಏನು ನೋಡಿದೆ, ಏನು ತಿಳಿಯಲಿಲ್ಲ, ಅದನ್ನು ತಿಳಿಯಲು ಯಾವ ಉಪಕರಣದ ಕೆಲಸ ಕಲಿಯಬೇಕಾಗಿದೆ ಎಂಬುದು ತಾನಾಗಿ ಬರುತ್ತದೆ. ಮೊದಲು ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷ್ ಆಮೇಲೆ.

ಇನ್ನು ನಿಮ್ಮ ಸರ್‌ಗೆ ನಾಲ್ಕು ಮಾತು. ದಯವಿಟ್ಟು ಈ ಪುಟವನ್ನು ಅವರಿಗೆ ತೋರಿಸಿ. ಸರ್, ಆ ದಿನ ಫಲಿತಾಂಶವನ್ನು ತಿದ್ದಿ ಬರೆಸದೆ ಮತ್ತೆ ಮಾಡು ಅಂದಿರಿ, ಅದು ದೊಡ್ಡ ಮಾತು. ಐಐಟಿ ಹುಡುಗರಿಗೆ ಅಂದದ್ದನ್ನು ಮಾತ್ರ ನಾನು ಒಪ್ಪಲಾರೆ. ಅಕಾಡೆಮಿಗಳ ಫೆಲೋಶಿಪ್ ವಿದ್ಯಾರ್ಥಿಗಳಿಗಷ್ಟೇ ಇರುವುದಲ್ಲ, ಕಾಲೇಜು ಅಧ್ಯಾಪಕರೂ ಅರ್ಜಿ ಹಾಕಬಹುದು. ಈ ವರ್ಷ ನೀವೂ ಹಾಕಿ. ಈಕೆಗೆ ಶಿಫಾರಸು ಪತ್ರ ಬರೆಯುವಾಗ ಪ್ರತಿಭಾವಂತೆ, ಶ್ರಮಜೀವಿ ಎಂಬ ವಿಶೇಷಣಗಳನ್ನು ಬಿಟ್ಟು, ಊರಿನ ನೀರು ಹೊತ್ತು ತಂದದ್ದನ್ನೂ 740 ಬಂದಾಗ ಮರುಪರೀಕ್ಷೆ ಮಾಡಿದ್ದನ್ನೂ ಬರೆಯಿರಿ. ಅದನ್ನು ಬರೆಯಬಲ್ಲವರು ನೀವೊಬ್ಬರೇ.

ಅರ್ಜಿ ಹಾಕುವವರು ಬಹಳ, ಸಿಗುವವರು ಕಡಿಮೆ. ಈ ಸಲ ಸಿಗದಿದ್ದರೂ ಮೂರನೇ ವರ್ಷದಲ್ಲಿ ಮತ್ತೆ ಹಾಕಿ. ಸಿಕ್ಕರೆ ಅಪ್ಪನ ಮೊದಲ ಪ್ರಶ್ನೆ ಮಗಳು ಎಲ್ಲಿ ಇರುತ್ತಾಳೆ ಎಂಬುದು. ಆಯ್ಕೆಪತ್ರ ಬಂದ ಕೂಡಲೇ ಸಂಸ್ಥೆಗೆ ಬರೆದು ಹಾಸ್ಟೆಲ್ ವಿಷಯ ಖಚಿತ ಮಾಡಿಕೊಳ್ಳಿ, ಆ ಉತ್ತರವನ್ನು ಅಪ್ಪನಿಗೆ ಓದಿ ಹೇಳಿ.

ನೀವು ಬರೆದ ಪುಟವನ್ನು ಅರ್ಜಿಗೆ ಮೊದಲು ನಮ್ಮ ಕಚೇರಿಗೆ ಕಳಿಸಿದರೆ, ರಸಾಯನಶಾಸ್ತ್ರ ಬಲ್ಲವರೊಬ್ಬರಿಂದ ಓದಿಸಿ, ಎಲ್ಲಿ ಸಾಲದು ಎಂದು ಗುರುತು ಹಾಕಿಸಿ ವಾಪಸ್ ಕಳಿಸುತ್ತೇವೆ. ನಿಮ್ಮ ತರಗತಿಯಲ್ಲಿ ಬೇರೆ ಯಾರಾದರೂ ಬರೆದರೆ ಅವರದನ್ನೂ ಅದೇ ಲಕೋಟೆಯಲ್ಲಿ ಹಾಕಿ.