ಹೊಟ್ಟೆಯಲ್ಲಿ ಹುಳು ಇದ್ದರೆ ಸಿಡಿ4 ಬೀಳುತ್ತದೆಯೇ?

ಓದುಗರೊಬ್ಬರು ಬರೆದಿದ್ದಾರೆ: ‘ನನಗೆ ಎಚ್‌ಐವಿ ಇದೆ. ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧ) ಮಾತ್ರೆ ತಪ್ಪಿಸುವುದಿಲ್ಲ. ಈಗ ಮಲ ಪರೀಕ್ಷೆಯಲ್ಲಿ ಕೊಕ್ಕೆಹುಳು ಕಂಡಿದೆ. ಹುಳು ಇದ್ದರೆ ಸಿಡಿ4 (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಎಣಿಕೆ) ಬೀಳುತ್ತದೆ ಅನ್ನುತ್ತಾರೆ. ತಿಂಗಳಿಗೊಮ್ಮೆ ಹುಳುವಿನ ಮಾತ್ರೆ ನುಂಗಲೇ?’

ಸಂಪಾದಕರ ಉತ್ತರ:

ಕಂಡಿರುವ ಹುಳುವಿಗೆ ಚಿಕಿತ್ಸೆ ಬೇಕೇ ಬೇಕು. ತಿಂಗಳಿಗೊಮ್ಮೆ ಸುಮ್ನೆ ನುಂಗುವುದು ಬೇಡ.

ನೀವು ಕೇಳಿದ್ದು ಬರೀ ಗಾಳಿಮಾತಲ್ಲ. ಹುಳುವನ್ನು ಎದುರಿಸಲು ದೇಹದ ರೋಗನಿರೋಧಕ ವ್ಯವಸ್ಥೆ ಟಿಎಚ್‌2 ಎಂಬ ದಾರಿ ಹಿಡಿಯುತ್ತದೆ. ಆಗ ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಜಾಸ್ತಿಯಾಗುತ್ತದೆ. ವೈರಸ್ ಮತ್ತು ಕ್ಷಯವನ್ನು ತಡೆಯಲು ಬೇಕಾದದ್ದು ಟಿಎಚ್‌1 ಎಂಬ ಇನ್ನೊಂದು ದಾರಿ. ಒಂದು ಜೋರಾದರೆ ಇನ್ನೊಂದು ತಗ್ಗುತ್ತದೆ. ಮೇಲಾಗಿ ಹುಳು ವರ್ಷಗಟ್ಟಲೆ ಒಳಗೇ ಉಳಿಯಬೇಕಲ್ವಾ? ಅದಕ್ಕಾಗಿ ಅದು ನಮ್ಮ ರೋಗನಿರೋಧಕ ಶಕ್ತಿಯನ್ನೇ ಮೆತ್ತಗಾಗಿಸುತ್ತದೆ. ಇನ್ನೊಂದು ವಿಷಯವೂ ಇದೆ. ಹುಳುವಿನಿಂದ ಸದಾ ಕೆರಳಿರುವ ಸಿಡಿ4 ಕೋಶಗಳಿಗೆ ಎಚ್‌ಐವಿ ಸುಲಭವಾಗಿ ನುಗ್ಗುತ್ತದೆ. ಇಥಿಯೋಪಿಯಾದಿಂದ ಇಸ್ರೇಲ್‌ಗೆ ವಲಸೆ ಬಂದವರನ್ನು ಪರೀಕ್ಷಿಸಿದ ವಿಜ್ಞಾನಿಗಳು 1990ರ ದಶಕದಲ್ಲೇ ಈ ವಾದ ಮುಂದಿಟ್ಟಿದ್ದರು.

ಹಾಗಾದರೆ ಹುಳು ತೆಗೆದರೆ ಎಚ್‌ಐವಿ ನಿಧಾನವಾಗಬೇಕಿತ್ತು. ಕೆನ್ಯಾದಲ್ಲಿ ಇದನ್ನು ಪರೀಕ್ಷಿಸಿದರು. ಎಆರ್‌ಟಿ ಇನ್ನೂ ಶುರುವಾಗದ 900ಕ್ಕೂ ಹೆಚ್ಚು ವಯಸ್ಕರಲ್ಲಿ ಒಂದು ಗುಂಪಿಗೆ ಮೂರು ತಿಂಗಳಿಗೊಮ್ಮೆ ಅಲ್ಬೆಂಡಜೋಲ್, ವರ್ಷಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಎಂಬ ಹುಳುವಿನ ಮಾತ್ರೆಗಳನ್ನು ಕೊಟ್ಟರು. ಎರಡು ವರ್ಷ ನೋಡಿದರು. 2012ರಲ್ಲಿ ಫಲಿತಾಂಶ ಬಂತು: ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಅಲ್ಲಿ ಹುಳು ಇದ್ದವರಿಗೂ ಇಲ್ಲದವರಿಗೂ ಒಟ್ಟಿಗೇ ಮಾತ್ರೆ ಕೊಟ್ಟಿದ್ದರು. ಹುಳು ಖಚಿತವಾದವರಿಗೆ ಮಾತ್ರ ಕೊಟ್ಟ ಕೆಲವು ಸಣ್ಣ ಅಧ್ಯಯನಗಳಲ್ಲಿ ಸಿಡಿ4 ಸ್ವಲ್ಪ ಏರಿದ್ದುಂಟು. ಎಆರ್‌ಟಿಯ ಲಾಭದ ಮುಂದೆ ಅದು ತೀರಾ ಚಿಕ್ಕದು. ಹುಳುವಿನ ಮಾತ್ರೆಯನ್ನು ನಂಬಿ ಎಆರ್‌ಟಿಯಲ್ಲಿ ಯಾರೂ ಸಡಿಲ ಬಿಡಬಾರದು. ಇದನ್ನು ಕಳಕಳಿಯಿಂದ ಹೇಳುತ್ತಿದ್ದೇನೆ.

ನಿಮ್ಮ ವಿಷಯದಲ್ಲಿ ಸಿಡಿ4ಗಿಂತ ನನಗೆ ಜಾಸ್ತಿ ಚಿಂತೆ ರಕ್ತಹೀನತೆಯದು. ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಕಡಿಮೆ ಇದ್ದರೆ ವೈದ್ಯರು ಕಬ್ಬಿಣದ ಮಾತ್ರೆ ಬರೆಯಬಹುದು. ಆಗ ನಿಮ್ಮ ಎಆರ್‌ಟಿಯಲ್ಲಿ ಡೊಲುಟೆಗ್ರಾವಿರ್ ಎಂಬ ಔಷಧ ಇದೆಯೇ ಎಂದು ಕೇಳಿಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣವು ಡೊಲುಟೆಗ್ರಾವಿರ್ ದೇಹಕ್ಕೆ ಸೇರದಂತೆ ತಡೆಯುತ್ತದೆ. ಊಟದ ಜೊತೆಯಾದರೆ ಒಟ್ಟಿಗೆ ತೆಗೆದುಕೊಳ್ಳಬಹುದು. ಇಲ್ಲದಿದ್ದರೆ ಡೊಲುಟೆಗ್ರಾವಿರ್ ಅನ್ನು ಕಬ್ಬಿಣಕ್ಕಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ತೆಗೆದುಕೊಳ್ಳಿ.