ದಾಳ ಉರುಳಿಸಿದರೆ ಮಗ್ಗಿ ಬರುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ನಮ್ಮ ರಾಯಚೂರು, ಕೊಪ್ಪಳ ಕಡೆಯವು. ಎಲ್ಲರದೂ ಒಂದೇ ತಲೆನೋವು: ಆಟ ಆಡಿಸುತ್ತೇವೆ, ಪಾಠ ಬರುತ್ತಿಲ್ಲ. ಊರಿನವರು ಅನ್ನೋ ಸಲಿಗೆಯಿಂದ ಸ್ವಲ್ಪ ನೇರವಾಗಿಯೇ ಉತ್ತರ ಬರೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಸರ್, ಐದನೇ ತರಗತಿಗೆ ಮಗ್ಗಿ ಕಲಿಸಲು ದೊಡ್ಡ ಫ್ಲೆಕ್ಸ್ ಮೇಲೆ ಹಾವು ಏಣಿ ಆಟ ಮಾಡಿಸಿದೆ. ಉತ್ತರ ಸರಿ ಹೇಳಿದವರು ದಾಳ ಹಾಕಬಹುದು, ತಪ್ಪಿದರೆ ಆ ಸಲ ಇಲ್ಲ. ಮಕ್ಕಳು ಕುಣಿದಾಡುತ್ತಾರೆ. ಆದರೆ ಏಳರ ಮಗ್ಗಿ ಬಾರದವರಿಗೆ ಇನ್ನೂ ಬಂದಿಲ್ಲ. ಎಲ್ಲಿ ತಪ್ಪಾಯಿತು?
– ಶಿಕ್ಷಕಿ, ಲಿಂಗಸುಗೂರು ತಾಲ್ಲೂಕು

ಮೇಡಂ, ಫ್ಲೆಕ್ಸ್ ದುಡ್ಡು ನಿಮ್ಮ ಕೈಯಿಂದಲೇ ಹೋಗಿರುತ್ತೆ, ಗೊತ್ತು. ಆದರೂ ಹೇಳಲೇಬೇಕು. ಆ ಆಟದಲ್ಲಿ ಗೆಲ್ಲಿಸೋದು ದಾಳ. ಹಾವು ಕಚ್ಚೋದು, ಏಣಿ ಸಿಗೋದು ಎಲ್ಲಾ ಗರ ಬಿದ್ದ ಹಾಗೆ. ಮಗ್ಗಿ ಅನ್ನೋದು ಬಾಗಿಲಲ್ಲಿ ನಿಂತು ಟಿಕೆಟ್ ಕೇಳುವವನ ಥರ, ಒಳಗಿನ ಆಟಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಒಂದು ಪರೀಕ್ಷೆ ಮಾಡಿ ನೋಡಿ. ನಾಳೆ ಮಗ್ಗಿ ತೆಗೆದು ರಾಜಧಾನಿಗಳ ಹೆಸರು ಕೇಳಿ. ಆಟ ಒಂಚೂರೂ ಬದಲಾಗಲ್ಲ, ಅಲ್ವಾ? ಯಾವ ಪಾಠ ಹಾಕಿದರೂ ನಡೆಯುವ ಆಟ ಯಾವ ಪಾಠಕ್ಕೂ ಸರಿಯಾಗಿ ಹೊಂದಿದ್ದಲ್ಲ.

ಇನ್ನೊಂದು ಇದೆ, ಇದು ನನಗೆ ಜಾಸ್ತಿ ಚುಚ್ಚೋದು. ಮಗ್ಗಿ ಬರುವವನಿಗೆ ಮತ್ತೆ ಮತ್ತೆ ಅವಕಾಶ, ಬಾರದವನು ಕೈಕಟ್ಟಿ ಕೂರಬೇಕು. ಯಾರಿಗೆ ಅಭ್ಯಾಸ ಬೇಕೋ ಅವರಿಗೇ ಅದು ಕಡಿಮೆ. ಕ್ವಿಜ್‌ನಲ್ಲಿ ತಪ್ಪಿದವರನ್ನು 'ಔಟ್' ಮಾಡಿ ಕೂರಿಸುವುದೂ ಇದೇ ಕಥೆ.

ನಾನು ಆಡಿಸುವ ಒಂದು ಆಟ ಹೇಳುತ್ತೇನೆ. ಗಣಿತದ ಚೌಕುಳಿ ಹಾಳೆಯಲ್ಲಿ ಅಡ್ಡ 20, ಉದ್ದ 20 ಮನೆಗಳ ಗೆರೆ ಹಾಕಿ ಇಬ್ಬಿಬ್ಬರಿಗೆ ಒಂದೊಂದು ಕೊಡಿ. 2ರಿಂದ 9ರವರೆಗಿನ ಚೀಟಿಗಳ ಎರಡು ಸೆಟ್ ಡಬ್ಬಿಯಲ್ಲಿರಲಿ. ಸರದಿ ಬಂದವರು ಎರಡು ಚೀಟಿ ಎತ್ತಬೇಕು. 4 ಮತ್ತು 7 ಬಂದರೆ 4 ಮನೆ ಅಗಲ, 7 ಮನೆ ಉದ್ದದ ಆಯತ ಬಿಡಿಸಿ ಒಳಗೆ 28 ಅಂತ ಬರೆಯಬೇಕು. ಚೀಟಿ ವಾಪಸ್ ಡಬ್ಬಿಗೆ. ಜಾಗ ಸಿಗದಿದ್ದರೆ ಸರದಿ ಹೋಯಿತು. ಇಬ್ಬರಿಗೂ ಸತತ ಮೂರು ಸಲ ಜಾಗ ಸಿಗದಿದ್ದರೆ ಆಟ ಮುಗಿಯಿತು, ಯಾರ ಮೊತ್ತ ಜಾಸ್ತಿ ಅವರು ಗೆದ್ದರು. ಇಲ್ಲಿ ಗುಣಾಕಾರ ಮಾಡದೆ ಆಟದಲ್ಲಿ ಹೆಜ್ಜೆ ಇಡೋಕೇ ಆಗಲ್ಲ. ಮಗ್ಗಿ ಬಾರದವನೂ ಮನೆ ಎಣಿಸಿ ಆಡಬಹುದು, ಒಂದೆರಡು ದಿನ ಎಣಿಸುತ್ತಾನೆ, ಆಮೇಲೆ ಎಣಿಸೋಕೆ ಬೇಜಾರಾಗಿ ನೆನಪಿಟ್ಟುಕೊಳ್ಳುತ್ತಾನೆ.

ನಿಜವಾದ ಮಜಾ ಹಾಳೆ ತುಂಬುತ್ತಾ ಬಂದಾಗ. ಒಂದು ಸಲ ಒಬ್ಬ ಹುಡುಗನಿಗೆ 3 ಮತ್ತು 8 ಬಂತು. ನಿಲ್ಲಿಸಿದರೆ ಜಾಗ ಇಲ್ಲ. ಹಾಳೆಯನ್ನೇ ತಿರುಗಿಸಿ ತಿರುಗಿಸಿ ನೋಡಿ ಕಿರುಚಿದ: "ಅಡ್ಡ ಮಲಗಿಸಿದ್ರ ಕೂಡ್ತದ ನೋಡ್ರಿ ಸರ!" ಮೂರೆಂಟ್ಲೂ ಎಂಟ್ಮೂರ್ಲೂ ಒಂದೇ ಅಂತ ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೆನೋ. ಚುರುಕಾದವರಿಗೆ ಒಂದು ನಿಯಮ ಸೇರಿಸಿ: ಆಯತವನ್ನು ಎರಡು ತುಂಡು ಮಾಡಿ ಬೇರೆ ಬೇರೆ ಕಡೆ ಕೂರಿಸಬಹುದು. 6×7 ಕೂರದಿದ್ದರೆ 6×5 ಒಂದು ಕಡೆ, 6×2 ಇನ್ನೊಂದು ಕಡೆ. ಮುಂದಿನ ತರಗತಿಗಳ ಪಾಠ ಅಲ್ಲೇ ಶುರುವಾಯಿತು.

ಫ್ಲೆಕ್ಸ್ ಎಸೆಯಬೇಡಿ. ಒಂದನೇ ತರಗತಿಗೆ ಕೊಡಿ. 1ರಿಂದ 100 ಎಣಿಸಲು, 37 ಆದ ಮೇಲೆ ಏನು ಅಂತ ಕಾಯಿ ನಡೆಸುತ್ತಾ ಕಲಿಯಲು ಹಾವು ಏಣಿ ಬಹಳ ಒಳ್ಳೆಯದು.

ಗುಳೆ ಹೋಗಿ ಬಂದ ಮಕ್ಕಳು ನಮ್ಮಲ್ಲಿ ಜಾಸ್ತಿ. ಹತ್ತು ವರ್ಷ ಆಗಿರುತ್ತೆ, ಅಕ್ಷರ ಕೂಡಿಸಿ ಓದಲು ಬರಲ್ಲ. ಚಿಕ್ಕ ಮಕ್ಕಳ ಅಕ್ಷರದ ಆಟ ಕೊಟ್ಟರೆ ನಾಚಿಕೆಪಟ್ಟು ಹಿಂದಿನ ಸಾಲಿಗೆ ಹೋಗುತ್ತಾರೆ. ಏನು ಮಾಡಲಿ?
– ಶಿಕ್ಷಕ, ಮಸ್ಕಿ ತಾಲ್ಲೂಕು

ನಾಚಿಕೆ ಆಗದೆ ಇರುತ್ತಾ ಸರ್? ಸರ್ಕಾರಿ ಶಾಲೆಗಳಲ್ಲಿ ಆಟ, ಚಟುವಟಿಕೆ, ಕಾರ್ಡ್‌ಗಳ ಮೂಲಕ ಕಲಿಸುವ ನಲಿ-ಕಲಿ ಒಳ್ಳೆಯದೇ. 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಶುರುವಾಗಿ ರಾಜ್ಯಕ್ಕೆಲ್ಲ ಬಂತು. ಆದರೆ ಅದು ಒಂದರಿಂದ ಮೂರನೇ ತರಗತಿಯ ಮಕ್ಕಳಿಗಾಗಿ ಮಾಡಿದ್ದು. ಬೆಂಗಳೂರಿನಲ್ಲಿ ಕಟ್ಟಡದ ಕೆಲಸದ ಹತ್ತಿರ ತಮ್ಮ-ತಂಗಿಯರನ್ನು ನೋಡಿಕೊಂಡು, ಅಂಗಡಿಗೆ ಹೋಗಿ ಚಿಲ್ಲರೆ ಲೆಕ್ಕ ನೋಡಿ ಬಂದ ಹುಡುಗಿಗೆ ಮೊಲದ ಚಿತ್ರದ ಕಾರ್ಡ್ ಹಿಡಿಸಿದರೆ ಅವಳು ಏನೆಂದುಕೊಳ್ಳಬೇಕು?

ಓದುವ ಮಟ್ಟ ಒಂದನೇ ತರಗತಿಯದಿರಲಿ, ವಿಷಯ ಮಾತ್ರ ಹತ್ತು ವರ್ಷದವರದ್ದಾಗಿರಲಿ. ಈ ಮಕ್ಕಳಿಗೆ ಬಸ್ ಸ್ಟ್ಯಾಂಡ್ ಗೊತ್ತು. ಅದನ್ನೇ ಆಟ ಮಾಡಿ. ರಟ್ಟಿನ ಮೇಲೆ ಬಸ್ಸಿನ ಬೋರ್ಡ್ ಬರೆಯಿರಿ. ಒಬ್ಬರು ಕಂಡಕ್ಟರ್, ಉಳಿದವರು ಪ್ರಯಾಣಿಕರು. ಪ್ರಯಾಣಿಕ ಊರು ಹೇಳಬೇಕು, ಕಂಡಕ್ಟರ್ ಸರಿಯಾದ ಬೋರ್ಡ್ ಎತ್ತಿ ಹಿಡಿಯಬೇಕು. ತಪ್ಪು ಬೋರ್ಡ್ ಎತ್ತಿದರೆ ಪ್ರಯಾಣಿಕರೇ ಗಲಾಟೆ ಮಾಡುತ್ತಾರೆ, ನೀವು ಬಾಯಿ ಬಿಡೋದೇ ಬೇಡ.

ಆದರೆ ಬೋರ್ಡ್‌ಗಳನ್ನು ಸುಮ್ನೆ ಕೈಗೆ ಸಿಕ್ಕ ಹಾಗೆ ತೆಗೆದುಕೊಳ್ಳಬೇಡಿ. ಮೊದಲ ವಾರ ಒತ್ತಕ್ಷರ ಇಲ್ಲದ ಊರುಗಳು: ಸಿರವಾರ, ಕವಿತಾಳ, ತುರವಿಹಾಳ. ಆಮೇಲೆ ಸೊನ್ನೆ ಇರುವವು: ಸಿಂಧನೂರು, ಗಂಗಾವತಿ, ಲಿಂಗಸುಗೂರು. ಅದಾದ ಮೇಲೆ ಅದೇ ಅಕ್ಷರದ ಒತ್ತು: ಹಟ್ಟಿ, ಕೊಪ್ಪಳ, ಬಳ್ಳಾರಿ. ಕೊನೆಗೆ ಬೇರೆ ಅಕ್ಷರದ ಒತ್ತು: ನಿಮ್ಮ ಮಸ್ಕಿ, ಪಕ್ಕದ ಮಾನ್ವಿ, ಕುಷ್ಟಗಿ. ಹೆಸರು ಬಾಯಲ್ಲಿ ಮೊದಲೇ ಇದೆ, ಕಣ್ಣಿಗೆ ಮಾತ್ರ ಹೊಸದು. ಕವಿತಾಳ ಮತ್ತು ತುರವಿಹಾಳ ಒಟ್ಟಿಗೆ ಇಡಿ, ಎರಡರ ಕೊನೆಯೂ 'ಳ'. ಮೊದಲ ಅಕ್ಷರ ನೋಡದೆ ಕಂಡಕ್ಟರ್ ಗೆಲ್ಲಲ್ಲ.

ಮಗಳಿಗೆ ಏಳು ವರ್ಷ. ಮೊಬೈಲ್‌ನಲ್ಲಿ ಕಲಿಕೆಯ ಆಟ ಹಾಕಿಕೊಟ್ಟಿದ್ದೇನೆ, ದಿನಾ ಸ್ಟಾರ್ ಗೆಲ್ಲುತ್ತಾಳೆ. ಸಾಕಲ್ವಾ?
– ತಂದೆ, ಕೊಪ್ಪಳ

ಹತ್ತು ನಿಮಿಷ ಪಕ್ಕದಲ್ಲಿ ಕೂತು ಪರದೆ ನೋಡಬೇಡಿ, ಬೆರಳು ನೋಡಿ. ಯೋಚಿಸಿ ಒತ್ತುತ್ತಾಳಾ, ನಾಲ್ಕೂ ಉತ್ತರಗಳನ್ನು ಪಟಪಟ ಒತ್ತಿ ಯಾವುದು ಹಸಿರಾಗುತ್ತೆ ಅಂತ ಕಾಯುತ್ತಾಳಾ? ತಪ್ಪಿದರೆ ಏನೂ ನಷ್ಟ ಇಲ್ಲದ ಆಟದಲ್ಲಿ ಜಾಣ ಮಕ್ಕಳು ಎರಡನೆಯದನ್ನೇ ಮಾಡೋದು, ಅದು ಅವರ ತಪ್ಪಲ್ಲ. ಉತ್ತರಗಳ ಮೇಲೆ ಕೈ ಅಡ್ಡ ಇಟ್ಟು "ನೀನೇ ಹೇಳು ನೋಡೋಣ ಪುಟ್ಟಿ" ಅನ್ನಿ. ಹೇಳಿದರೆ ಆಟ ಇರಲಿ. ಇಲ್ಲದಿದ್ದರೆ ಆ ಸ್ಟಾರ್ ಬೆರಳಿನದ್ದು.

ಎಂಟನೇ ತರಗತಿಗೆ ನೀರಾವರಿ ಪಾಠಕ್ಕೆ ಟಿವಿ ಕ್ವಿಜ್ ಥರದ ಆಟ ಮಾಡಬೇಕು. ಪ್ರಶ್ನೆಗಳನ್ನು ಕಳಿಸುತ್ತೀರಾ?
– ಸಮಾಜ ವಿಜ್ಞಾನ ಶಿಕ್ಷಕ, ಸಿಂಧನೂರು

ತುಂಗಭದ್ರಾ ಅಣೆಕಟ್ಟಿಗೆ ಎಷ್ಟು ಗೇಟ್? 33. ಎಡದಂಡೆ ಕಾಲುವೆ ಯಾವ ಕಡೆಯಿಂದ ಹೊರಡುತ್ತೆ? ಮುನಿರಾಬಾದ್. ಇಂಥದ್ದಕ್ಕೆ ಕ್ವಿಜ್ ಸಾಕು, ಹತ್ತು ನಿಮಿಷದಲ್ಲಿ ಮುಗಿಸಿ. ಆದರೆ ಸಿಂಧನೂರಿನ ಮಕ್ಕಳಿಗೆ ಗೊತ್ತಾಗಬೇಕಾದ್ದು ಬೇರೆ: ಕಾಲುವೆ ತುಂಬಿ ಬಂದರೂ ಕೊನೆ ಭಾಗಕ್ಕೆ ನೀರು ಯಾಕೆ ಮುಟ್ಟಲ್ಲ? ಇದಕ್ಕೆ ನಾಲ್ಕು ಆಯ್ಕೆಯ ಉತ್ತರ ಇಲ್ಲ.

ಹತ್ತು ಮಕ್ಕಳನ್ನು ಸಾಲಾಗಿ ಕೂರಿಸಿ. ಒಬ್ಬೊಬ್ಬರೂ ಒಂದೊಂದು ಹೊಲ. ಒಂದು ಪಾತ್ರೆಯಲ್ಲಿ 100 ಹುಣಸೆ ಬೀಜ, ಅದೇ ನೀರು. ಭತ್ತ ಹಾಕಿದರೆ 20 ಬೀಜ ಬೇಕು, 10 ಅಂಕ. ಜೋಳ ಹಾಕಿದರೆ 8 ಬೀಜ, 5 ಅಂಕ. (ಇವು ಆಟದ ಲೆಕ್ಕ, ಹೊಲದ್ದಲ್ಲ.) ಪಾತ್ರೆ ಮೊದಲನೆಯವನಿಂದ ಕೊನೆಯವನಿಗೆ ಹೋಗುತ್ತೆ. ಮೊದಲ ಸುತ್ತಿನಲ್ಲಿ ಏನಾಗುತ್ತೆ ಹೇಳಲೇಬೇಕಾ? ಮೊದಲ ಐವರು ಭತ್ತ ಹಾಕುತ್ತಾರೆ, ಪಾತ್ರೆ ಖಾಲಿ. ಎಲ್ಲರೂ ಜೋಳ ಹಾಕಿದ್ದರೆ ಊರಿನ ಒಟ್ಟು ಅಂಕ ಅದೇ 50, ಹತ್ತೂ ಜನಕ್ಕೆ ಬೆಳೆ, 20 ಬೀಜ ಉಳಿತಾಯ. ಎಡದಂಡೆ ಕಾಲುವೆ ಯೋಜನೆ ಮಾಡಿದಾಗ ಜಾಸ್ತಿ ಜಾಗಕ್ಕೆ ಲಘು ನೀರಾವರಿ ಬೆಳೆ (ಕಡಿಮೆ ನೀರು ಸಾಕಾಗುವಂಥದ್ದು) ಅಂತಲೇ ಲೆಕ್ಕ ಹಾಕಿದ್ದು, ಮೇಲ್ಭಾಗದಲ್ಲಿ ಭತ್ತ ಹಬ್ಬಿದ್ದು ಆಮೇಲೆ. ಪುಸ್ತಕದ ಒಂದು ಸಾಲು ಮಕ್ಕಳ ಕೈಯಲ್ಲೇ ನಡೆಯುತ್ತೆ.

ಎರಡನೇ ಸುತ್ತಿಗೆ ಹಿಂದಿನವರು ಮುಂದೆ. ಮೂರನೆಯದಕ್ಕೆ ಬೀಜ 60 ಮಾಡಿ, ಮಳೆ ಆಗಿಲ್ಲ ಅನ್ನಿ. ಅಥವಾ 19ನೇ ಗೇಟ್ ಕೊಚ್ಚಿ ಹೋಯಿತು ಅನ್ನಿ, 2024ರ ಆಗಸ್ಟ್ ಯಾರಿಗೂ ಮರೆತಿಲ್ಲ. ಆಡುವ ಮೊದಲು ಐದು ನಿಮಿಷ ಕೊಟ್ಟು ನಿಯಮ ಅವರೇ ಮಾಡಿಕೊಳ್ಳಲಿ. ನಾನು ಆಡಿಸಿದಾಗ ಕೊನೆಗೆ ಕೂತಿದ್ದ ಹುಡುಗಿ ಎದ್ದು ಹೋಗಿ ಪಾತ್ರೆ ಪಕ್ಕ ನಿಂತುಬಿಟ್ಟಳು. ಏನಮ್ಮಾ ಅಂದರೆ, "ಗೇಟ್ ಕಾಯ್ತೀನ್ರಿ." ಅವರಪ್ಪ ರಾತ್ರಿ ಕಾಲುವೆ ಹತ್ತಿರ ಅದನ್ನೇ ಮಾಡುತ್ತಾರಂತೆ.

ಒಂದು ಎಚ್ಚರಿಕೆ. ಪೀರಿಯಡ್ 40 ನಿಮಿಷ ಆದರೆ ಆಟಕ್ಕೆ 20 ಮಾತ್ರ. ಉಳಿದ 20 ಮಾತಿಗೆ. ಮಾತಿಲ್ಲದೆ ಬಿಟ್ಟರೆ ಮಕ್ಕಳು ಮನೆಗೆ ಒಯ್ಯೋದು ಬರೀ ಜಗಳ.

ನಾನು ಬಿ.ಎಡ್ ಓದುತ್ತಿದ್ದೇನೆ. ಹಳ್ಳಿ ಆಟಗಳನ್ನು ಹೈಸ್ಕೂಲ್ ಗಣಿತಕ್ಕೆ ಬಳಸಬಹುದೇ?
– ವಿದ್ಯಾರ್ಥಿನಿ, ಬಳ್ಳಾರಿ

ಎಲ್ಲ ಆಟಕ್ಕೂ ಗಣಿತ ಅಂಟಿಸಲು ಹೋಗಬೇಡಮ್ಮ, ಕುಂಟೆಬಿಲ್ಲೆ ಕುಂಟೆಬಿಲ್ಲೆಯಾಗೇ ಚೆಂದ. ಚೌಕಾಬಾರ ಮಾತ್ರ ಬೇರೆ, ಅದರೊಳಗೇ ಸಂಭವನೀಯತೆ ಕೂತಿದೆ. ಹುಣಸೆ ಬೀಜವನ್ನು ಫರಸಿ ಕಲ್ಲಿಗೆ ತಿಕ್ಕಿ ಒಂದು ಮಗ್ಗುಲು ಬಿಳಿ ಮಾಡಿಕೊಳ್ಳುತ್ತೇವಲ್ಲ, ಅಂಥ ನಾಲ್ಕು ಬೀಜ ಹಾಕಿದರೆ ಬೀಳುವ ರೀತಿ 16. ಒಂದು ಬಿಳಿ ಬೀಳೋದು 4 ರೀತಿ, ಎರಡು 6, ಮೂರು 4. ನಾಲ್ಕೂ ಬಿಳಿ (ಚೌಕ) 1, ನಾಲ್ಕೂ ಕಪ್ಪು (ಅಷ್ಟ) 1. ಚೌಕ, ಅಷ್ಟ ಬಿದ್ದರೆ ಇನ್ನೊಂದು ಸಲ ಹಾಕಲು ಯಾಕೆ ಬಿಡುತ್ತಾರೆ ಅಂತ ಮಕ್ಕಳೇ ಹೇಳುತ್ತಾರೆ.

160 ಸಲ ಹಾಕಿಸಿ ಗೀಟು ಎಳೆದು ಎಣಿಸಲಿ. ಲೆಕ್ಕದ ಪ್ರಕಾರ ಎರಡು ಬಿಳಿ 60 ಸಲದ ಆಸುಪಾಸು ಬರಬೇಕು. ತೀರಾ ಬೇರೆ ಬಂದರೆ ಬೀಜ ಎತ್ತಿ ನೋಡಲು ಹೇಳು. ಯಾರೋ ಒಬ್ಬರು ಜಾಸ್ತಿ ತಿಕ್ಕಿರುತ್ತಾರೆ.